ಟಪಾಲಿನವರ ಸ್ವಂತ ಅನುಷ್ಠಾನ

ನಮ್ಮ ಬೀದಿಯಲ್ಲಿ ಒಟ್ಟು ಮೂವತ್ತೊಂದು ಕಟ್ಟಡಗಳಿವೆ. ಅವುಗಳಲ್ಲಿ 'ಇದು ಸದ್ಯಕ್ಕೆ ಬೀಳುವುದಿಲ್ಲ' ಎಂದು ಸರ್ಕಾರವೇ ಸೀಲು ಹೊಡೆದು ಬರೆದುಕೊಟ್ಟಿರುವುದು ನಮ್ಮದೊಂದಕ್ಕೆ ಮಾತ್ರ. ಹಾಗಂತ ಉಳಿದ ಮೂವತ್ತು ಬೀಳುತ್ತವೆ ಎಂದಲ್ಲ. ಅವುಗಳ ಬಗ್ಗೆ ಯಾರೂ ವಿಚಾರಿಸಿಲ್ಲ, ಅಷ್ಟೆ. ನಮ್ಮದನ್ನು ವಿಚಾರಿಸುವ ಹಾಗೆ ಮಾಡಿದವರು ಮೊದಲನೇ ಮಹಡಿಯ ಟಪಾಲಿನವರು. ಆ ಮಹಾಕಾರ್ಯ ತಮ್ಮಿಂದ ಆಗುತ್ತಿದೆ ಅಂತ ಅವರಿಗೆ ಬಹಳ ದಿನ ಗೊತ್ತೇ ಇರಲಿಲ್ಲ.

ಆಗ ನಾವ್ಯಾರೂ ಅವರನ್ನು ಟಪಾಲಿನವರು ಅನ್ನುತ್ತಿರಲಿಲ್ಲ. 'ಇಂಜಿನಿಯರ್ರು' ಅನ್ನುತ್ತಿದ್ದೆವು. ಬಾಡಿಗೆಗೆ ಬಂದ ದಿನ ಬೀರುವಿನ ಒಂದು ತುದಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರನ್ನು ಕೆಳಮನೆಯ ನರ್ಸಮ್ಮ ತಡೆದು ನಿಲ್ಲಿಸಿ, "ಎಲ್ಲಿ ಕೆಲಸ?" ಅಂತ ಕೇಳಿದ್ದರು. "ಕಟ್ಟಡ ಇಲಾಖೆ" ಅಂದರು ಇವರು. "ಹಾಗಾದ್ರೆ ಇಂಜಿನಿಯರ್ರು ಅನ್ನಿ." ಹೊಟ್ಟೆಯ ಮೇಲೆ ಬೀರು ಕೂತಿರುವಾಗ 'ಅಲ್ಲ' ಅಂತ ಬಿಡಿಸಿ ಹೇಳಲು ಉಸಿರೆಲ್ಲಿ? "ಹ್ಞಾಂ" ಅಂದುಬಿಟ್ಟರು. ಬೀರು ಇಳಿಸಿದ ಮೇಲೆ ಸರಿಪಡಿಸಬಹುದಿತ್ತು. ಸರಿಪಡಿಸಲಿಲ್ಲ. ಕೇಳಲು ಹಿತವಾಗಿತ್ತಂತೆ.

ನಿಜವಾದ ಕೆಲಸ ಟಪಾಲು ವಿಭಾಗದಲ್ಲಿ ಗುಮಾಸ್ತಿಕೆ. ಇಲಾಖೆಗೆ ಬಂದ ಪ್ರತಿ ಕಾಗದಕ್ಕೂ ಸೀಲು ಹೊಡೆದು, ದೊಡ್ಡ ಪುಸ್ತಕದಲ್ಲಿ ನಂಬರು ಬರೆದು, ಸಂಬಂಧಪಟ್ಟವರ ಮೇಜಿಗೆ ಕಳಿಸುವುದು. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಒಂದು ಕಾಗದವೂ ಕಳೆದುಹೋಗಿಲ್ಲ. ಒಂದು ಇಟ್ಟಿಗೆಯನ್ನೂ ಅವರು ಮುಟ್ಟಿಲ್ಲ.

ನಾನು ಎರಡನೇ ಮಹಡಿಯವನು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಕಥೆಯಲ್ಲಿ ಅರ್ಧ ನಾನೇ ನೋಡಿದ್ದು. ಇನ್ನರ್ಧ ಅವರ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು. ಅವರ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು, ಹೆಚ್ಚು ಕಮ್ಮಿ ಹೇಳುವವರಲ್ಲ.

ಎಲ್ಲ ಶುರುವಾದದ್ದು ಅವರ ಷಡ್ಡಕನ ಮನೆಯ ಊಟದಲ್ಲಿ. ಷಡ್ಡಕ, ಅಂದರೆ ಟೀಚರ ತಂಗಿಯ ಗಂಡ, ಹಲ್ಲಿನ ಡಾಕ್ಟರು. ಊಟದ ನಡುವೆ ಚಮಚ ಕೆಳಗಿಟ್ಟು, ಕಣ್ಣು ಅರ್ಧ ಮುಚ್ಚಿ, "ಹನ್ನೆರಡು ವರ್ಷ ಆಯ್ತು, ಒಂದು ದಿನ ತಪ್ಪಿಸಿಲ್ಲ. ಬೆಳಗ್ಗೆ ನಲವತ್ತು ನಿಮಿಷ ಮೌನ. ಈಗೀಗ ಒಳಗೆ ಬೆಳಕು ಕಾಣ್ತಿದೆ" ಅಂದರು.

"ದಿನಾ ರೋಗಿಗಳ ಬಾಯೊಳಗೆ ಟಾರ್ಚ್ ಬಿಡ್ತೀರಲ್ಲ, ಅದಿರಬಹುದು" ಅಂದರು ಟೀಚರು.

ಡಾಕ್ಟರು ನಗಲಿಲ್ಲ. ನಮ್ಮ ಟಪಾಲಿನವರ ಕಡೆ ತಿರುಗಿ ಕರುಣೆಯಿಂದ ಕೇಳಿದರು: "ಭಾವ, ನಿಮ್ಮದು ಅಂತ ಏನೂ ಇಲ್ವಾ? ಜಪ, ಧ್ಯಾನ, ಮೌನ?"

ಆ ಕರುಣೆ ಇಲ್ಲದಿದ್ದರೆ 'ಇಲ್ಲ' ಅನ್ನುತ್ತಿದ್ದರೇನೋ. "ಇದೆ" ಅಂದರು.

"ಹೌದಾ! ಯಾವ ಪದ್ಧತಿ?"

"ಪದ್ಧತಿ ಗಿದ್ಧತಿ ಅಲ್ಲ. ಸ್ವಂತದ್ದು."

ಟೀಚರು ಗಂಡನನ್ನು ನೋಡಿದ ನೋಟ, ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದ ಹುಡುಗನನ್ನು ನೋಡುವಂಥದ್ದು. ಡಾಕ್ಟರಿಗೆ ಮಾತ್ರ ಆಸಕ್ತಿ ಹುಟ್ಟಿತು. ಇನ್ನೊಂದು ತಿಂಗಳಲ್ಲಿ ನಿಮ್ಮ ಮನೆಗೇ ಬಂದು ಆ ಸಾಧನೆ ನೋಡುತ್ತೇನೆ ಅಂದರು.

ಹೀಗೆ ಒಂದು ತಿಂಗಳೊಳಗೆ ಸ್ವಂತಕ್ಕೊಂದು ಅನುಷ್ಠಾನ ಕಟ್ಟಿಕೊಳ್ಳುವ ಹೊಣೆ ಟಪಾಲಿನವರ ತಲೆಗೆ ಬಂತು. ಮೊದಲ ದಿನ ಕಾಲು ಮಡಿಸಿ ಕೂತರು. ಐದು ನಿಮಿಷಕ್ಕೆ ಕಾಲು ಜೋಮು ಹಿಡಿದು, ಎದ್ದವರು ವಾಲಿ ಗೋಡೆ ಗಡಿಯಾರವನ್ನೇ ಬೀಳಿಸಿದರು. ಎರಡನೇ ದಿನ ಮೇಣದಬತ್ತಿಯ ಜ್ವಾಲೆಯನ್ನೇ ದಿಟ್ಟಿಸಿದರು. ಜ್ವಾಲೆ ಪರದೆಯನ್ನು ದಿಟ್ಟಿಸಿತು. ಆಮೇಲೆ ಟೀಚರು, "ಏನು ಮಾಡೋದಿದ್ರೂ ಮನೆಯ ಹೊರಗೆ" ಅಂತ ಆಜ್ಞೆ ಮಾಡಿದರು.

ಮನೆಯ ಹೊರಗೆ ಅಂದರೆ ಮೆಟ್ಟಿಲು. ಮೊದಲನೇ ಮಹಡಿಯಿಂದ ಮೇಲಕ್ಕೆ ಹೋಗುವಾಗ ಮೆಟ್ಟಿಲು ತಿರುಗುವ ಕಡೆ ಎರಡು ಹೆಜ್ಜೆಯಷ್ಟು ಜಾಗ, ಒಂದು ಬರೀ ಗೋಡೆ. ಮೂರನೇ ದಿನ ಬೆಳಗ್ಗೆ ಆರೂವರೆಗೆ ಅಲ್ಲಿ ಹೋಗಿ ನಿಂತರು. ಏನು ಮಾಡಬೇಕೆಂದು ತೋಚಲಿಲ್ಲ. ಕಣ್ಣಲ್ಲಿನ್ನೂ ನಿದ್ದೆ. ತಲೆ ತಾನಾಗಿ ಗೋಡೆಗೆ ವಾಲಿತು. ಗೋಡೆ ತಣ್ಣಗಿತ್ತು. ಕಿವಿಗೆ ಹಾಯೆನಿಸಿತು. ಸ್ವಲ್ಪ ಹೊತ್ತು ಹಾಗೇ ಇದ್ದರು. ಒಳಗಡೆ 'ಗುಂಯ್' ಅಂತ ಏನೋ ಸಣ್ಣ ಸದ್ದು. ಅದು ಅವರ ಕಿವಿಯದೇ ಇದ್ದೀತು. ಆದರೆ ಕೇಳುತ್ತಾ ಕೇಳುತ್ತಾ, ಅವರಿಗೇ ತಿಳಿಯದ ಹಾಗೆ ಬಾಯಿಂದ ಒಂದು ಮಾತು ಬಂತು:

"ಇದ್ದೀಯಾ?"

ಅಲ್ಲಿಗೆ ಅನುಷ್ಠಾನ ಸಿದ್ಧವಾಯಿತು. ಗೋಡೆಗೆ ಬಲಗಿವಿ, ಹತ್ತು ಉಸಿರು, ಮೂರು ಸಲ 'ಇದ್ದೀಯಾ', ಮತ್ತೆ ಹತ್ತು ಉಸಿರು, ವಾಪಸ್ಸು ಮನೆ, ಕಾಫಿ.

"ಯಾರನ್ನ ಕೇಳ್ತೀರಿ, ಇದ್ದೀಯಾ ಅಂತ?" ಅಂದರು ಟೀಚರು.

"ಅದಿನ್ನೂ ಗೊತ್ತಾಗಿಲ್ಲ."

"ಉತ್ತರ ಬಂದ್ರೆ?"

"ಬರಲ್ಲ. ಅದಕ್ಕೇ ಧೈರ್ಯವಾಗಿ ಕೇಳ್ತಿರೋದು."

ಒಂಬತ್ತನೇ ದಿನ ಉತ್ತರ ಬಂತು.

ಮೂರನೇ 'ಇದ್ದೀಯಾ' ಮುಗಿದು ಎರಡು ಉಸಿರಾಗಿತ್ತು. ಗೋಡೆಯೊಳಗಿಂದ, ಸರಿಯಾಗಿ ಕಿವಿಯ ಪಕ್ಕ, 'ಟಕ್'.

ಟಪಾಲಿನವರು ನಾಲ್ಕು ಮೆಟ್ಟಿಲು ಹಿಂದಕ್ಕೆ ಇಳಿದರು. ಮತ್ತೆ ಹತ್ತಿದರು. ಪಿಸುಮಾತಿನಲ್ಲಿ ಕೇಳಿದರು: "ಇ... ಇದ್ದೀಯಾ?"

'ಟಕ್.'

ಅವರು ಬಿಳುಚಿಕೊಂಡು ನಿಂತಿದ್ದಾಗಲೇ ನರ್ಸಮ್ಮ ಹಾಲಿನ ಪಾಕೀಟು ಕೊಡಲು ಮೇಲೆ ಬಂದರು. ನರ್ಸಮ್ಮ ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳುವಾಗ ಅವರ ಮುಖ ನೋಡಿದರೆ ಸಾಕು, ರೋಗಿ ಉಳಿಯುತ್ತಾನೋ ಇಲ್ಲವೋ ಹೇಳಬಲ್ಲೆ ಎನ್ನುವುದು ಅವರ ಹೆಗ್ಗಳಿಕೆ. ಈಗ ಇಂಜಿನಿಯರ್ರ ಕಿವಿ ಗೋಡೆಯ ಮೇಲೆ. ಮುಖ ನೋಡಿದರೆ ರೋಗಿ ಉಳಿಯುವ ಲಕ್ಷಣ ಕಾಣಲಿಲ್ಲ.

"ಏನ್ ಇಂಜಿನಿಯರ್ರೇ," ನರ್ಸಮ್ಮ ತಗ್ಗಿದ ದನಿಯಲ್ಲಿ ಕೇಳಿದರು, "ಹೇಗಿದೆ?"

ಟಪಾಲಿನವರು ತಮ್ಮ ಸಾಧನೆಯ ಸುದ್ದಿ ಹೆಂಡತಿಯ ಮೂಲಕ ಹಬ್ಬಿದೆ ಅಂದುಕೊಂಡರು. "ಒಳಗಡೆ ಏನೋ ಇದೆ, ನರ್ಸಮ್ಮ. ಇಷ್ಟು ದಿನ ನಾನು ನಂಬಿರಲಿಲ್ಲ."

"ಅಯ್ಯೋ! ಯಾರಿಗಾದ್ರೂ ಹೇಳಿದ್ರಾ?"

"ಹೇಳೋ ವಿಷಯ ಅಲ್ಲ ಇದು. ಜನ ಹೆದರ್ಕೊಳ್ತಾರೆ."

"ಎಷ್ಟು ಸಮಯ ಇದೆ?"

"ಅದು ನಮ್ಮ ಕೈಲಿದೆಯಾ? ಇವತ್ತಾದ್ರೂ ಆಗಬಹುದು, ಇಪ್ಪತ್ತು ವರ್ಷಕ್ಕಾದ್ರೂ ಆಗಬಹುದು. ನಾವು ಸಿದ್ಧವಾಗಿರಬೇಕು, ಅಷ್ಟೆ."

"ನೀವು ಮನೆ ಬಿಡಲ್ವಾ?"

"ಇಂಥಾದ್ದು ಗೊತ್ತಾದ್ಮೇಲೆ ಈ ಜಾಗ ಬಿಟ್ಟು ಎಲ್ಲಿಗೆ ಹೋಗ್ಲಿ!" ಅಂದ ಟಪಾಲಿನವರ ಕಣ್ಣಲ್ಲಿ ನೀರಿತ್ತು.

ನರ್ಸಮ್ಮ ಹಾಲಿನ ಪಾಕೀಟು ಕೊಡುವುದನ್ನೂ ಮರೆತು ಮೂರನೇ ಮಹಡಿಯ ಓನರ್ ಮನೆಯ ಬಾಗಿಲು ಬಡಿದರು. ಇಳಿಯುವಾಗ ನಮ್ಮ ಬಾಗಿಲನ್ನೂ ಬಡಿದರು. "ಕಟ್ಟಡದ ಒಳಗೆ ಏನೋ ಆಗಿದೆಯಂತೆ. ಯಾವಾಗ ಬೇಕಾದ್ರೂ ಬೀಳುತ್ತಂತೆ. ಹಡಗು ಮುಳುಗುವಾಗ ಕ್ಯಾಪ್ಟನ್ ನಿಲ್ತಾನಲ್ಲ, ಹಾಗೆ ಅವರು ಮಾತ್ರ ಇಲ್ಲೇ ಇರ್ತಾರಂತೆ. ಪುಣ್ಯಾತ್ಮ!"

ನಾನು ನಂಬಲಿಲ್ಲ. ಮರುದಿನ ಆರೂವರೆಗೆ ಮೇಲಿನ ಮೆಟ್ಟಿಲ ಕಂಬಿಯ ಸಂದಿಯಿಂದ ಇಣುಕಿದೆ. ಟಪಾಲಿನವರು ಗೋಡೆಗೆ ಅಂಟಿಕೊಂಡು ಏನೋ ಪಿಸುಗುಟ್ಟುತ್ತಿದ್ದರು. ಒಳಗಿಂದ 'ಟಕ್'. ನನ್ನ ಕಿವಿಯಾರೆ ಕೇಳಿದೆ. ಆಮೇಲೆ ನಂಬಿದೆ. ಅವತ್ತು ಅಂಗಡಿಯಲ್ಲಿ ಗಿರಾಕಿಯೊಬ್ಬರಿಗೆ ದೂರದೃಷ್ಟಿಯ ಕನ್ನಡಕದ ಬದಲು ಓದುವ ಕನ್ನಡಕ ಕೊಟ್ಟೆ.

ಅತ್ತ ಟಪಾಲಿನವರು ಬೇರೆಯದೇ ಲೋಕದಲ್ಲಿದ್ದರು. ಮಾತಾಡಿಸಿದರೆ ಓಗೊಡುವವನು ಸಿಕ್ಕ ಮೇಲೆ ಬರೀ 'ಇದ್ದೀಯಾ' ಅಂದರೆ ಹೇಗೆ? ಒಂದೊಂದೇ ಪ್ರಶ್ನೆ ಕೇಳತೊಡಗಿದರು. "ಆ ಮೇಲಿನ ಕುರ್ಚಿ ಸಿಗುತ್ತಾ?" ಅಂದರು. ಆಫೀಸಿನಲ್ಲಿ ಹೆಡ್ ಗುಮಾಸ್ತರ ಜಾಗ ಖಾಲಿಯಿತ್ತು. 'ಟಕ್' ಅಂತು. ಖುಷಿಯಾಯಿತು. ಆದರೂ ಖಚಿತ ಮಾಡಿಕೊಳ್ಳೋಣ ಅಂತ, "ಸಿಗಲ್ವಾ?" ಅಂದರು. ಅದಕ್ಕೂ 'ಟಕ್'. ಆ ದಿನವಿಡೀ ಯೋಚಿಸಿ, ಸತ್ಯ ಎಂಬುದು ಹೌದು ಅಲ್ಲ ಎರಡನ್ನೂ ದಾಟಿದ್ದು ಎಂಬ ತೀರ್ಮಾನಕ್ಕೆ ಬಂದರು. ಆ ಮಾತು ಕೇಳಿದ ಟೀಚರು ಹಣೆ ಮುಟ್ಟಿ ಜ್ವರ ನೋಡಿದರು.

ಇತ್ತ ನಾವು ಸುಮ್ಮನಿರಲಿಲ್ಲ. ಓನರು ಸ್ವತಃ ಗೋಡೆಗೆ ಕಿವಿಯಿಟ್ಟು, ಏನೂ ಕೇಳದೆ, 'ಕೇಳದೇ ಇರೋದೇ ಅಪಾಯ' ಅಂದರು. ನರ್ಸಮ್ಮ ಬಟ್ಟೆಯ ಪೆಟ್ಟಿಗೆ ಕಟ್ಟಿ ಬಾಗಿಲ ಬಳಿ ಇಟ್ಟುಕೊಂಡರು. ನನ್ನ ಹೆಂಡತಿ ಜೋರಾಗಿ ಸೀನಬೇಡಿ ಅಂತ ನನಗೆ ತಾಕೀತು ಮಾಡಿದಳು. ಕೊನೆಗೆ ಎಲ್ಲರೂ ಸೇರಿ ಕಟ್ಟಡ ಇಲಾಖೆಗೆ ಒಂದು ಅರ್ಜಿ ಬರೆದೆವು. 'ತಮ್ಮ ಇಲಾಖೆಯ ಇಂಜಿನಿಯರ್ ಒಬ್ಬರು ಇದೇ ಕಟ್ಟಡದಲ್ಲಿದ್ದು, ನಮ್ಮನ್ನು ಹೆದರಿಸಬಾರದೆಂಬ ಸದುದ್ದೇಶದಿಂದ ಪ್ರತಿದಿನ ಮುಂಜಾನೆ ಗುಟ್ಟಾಗಿ ತಪಾಸಣೆ ಮಾಡುತ್ತಿದ್ದಾರೆ' ಎಂಬ ವಾಕ್ಯ ನನ್ನದು.

ಆ ಅರ್ಜಿ ಇಲಾಖೆಯಲ್ಲಿ ಮೊದಲು ಯಾರ ಮೇಜಿಗೆ ಬರಬೇಕು?

ಟಪಾಲಿನವರು ಅಭ್ಯಾಸಬಲದಿಂದ ಸೀಲು ಹೊಡೆದರು, ನಂಬರು ಬರೆದರು, ಆಮೇಲೆ ವಿಷಯದ ಸಾಲು ನೋಡಿದರು. ವಿಳಾಸ ತಮ್ಮದೇ. ಓದುತ್ತಾ ಹೋದ ಹಾಗೆ ಕೂತ ಕುರ್ಚಿಯೇ ಕುಸಿದಂತಾಯಿತು. ಆ ಕಾಗದ ಮಡಿಸಿ ಜೇಬಿಗಿಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಪಕ್ಕದ ಮೇಜಿನವರು ಹೇಳುವ ಪ್ರಕಾರ, ಅವರು ಅದನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಕೂತಿದ್ದರಂತೆ. ಆದರೆ ನಂಬರು ಬಿದ್ದಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಂಬರು ಬಿದ್ದ ಒಂದು ಕಾಗದವೂ ಅವರ ಕೈಯಿಂದ ದಾರಿ ತಪ್ಪಿಲ್ಲ. ಎದ್ದು ತಾವೇ ಹೋಗಿ ಇಂಜಿನಿಯರ್ ಮೇಡಂ ಮೇಜಿನ ಮೇಲಿಟ್ಟು ಬಂದರು. ಸಂಜೆ ಹೆಂಡತಿಗೆ ಎಲ್ಲ ಹೇಳಿದರು.

"ಎಲ್ಲರ ಮುಂದೆ ನಿಜ ಹೇಳಿಬಿಡಿ" ಅಂದರು ಟೀಚರು.

"ಏನಂತ? ನಾನು ಇಂಜಿನಿಯರ್ ಅಲ್ಲ ಅಂತಾನಾ, ಗೋಡೆಯೊಳಗೆ ದೇವರಿದ್ದಾನೆ ಅಂತಾನಾ?"

"ಮೊದಲನೇದು ಸಾಕು. ಎರಡನೇದನ್ನ ಮೇಡಂ ನೋಡ್ಕೊಳ್ತಾರೆ."

ಶನಿವಾರ ಬೆಳಗ್ಗೆ ಮೇಡಂ ಬಂದರು. ಮೂವತ್ತು ದಾಟಿರದ ಹುಡುಗಿ. ಕೈಯಲ್ಲಿ ಪುಟ್ಟ ಸುತ್ತಿಗೆ, ಕಿವಿಯ ಹಿಂದೆ ಪೆನ್ಸಿಲು. ಅದೇ ಹೊತ್ತಿಗೆ ಹಲ್ಲಿನ ಡಾಕ್ಟರೂ ಕಾರು ತಂದಿದ್ದರು, ಸುದ್ದಿ ಕೇಳಿ ಅತ್ತಿಗೆಯ ಸಂಸಾರವನ್ನು ಅವಶೇಷದಡಿಯಿಂದ ಕಾಪಾಡಲು. ಎಲ್ಲರೂ ಮೆಟ್ಟಿಲ ತಿರುವಿನಲ್ಲಿ ಒತ್ತೊತ್ತಾಗಿ ನಿಂತೆವು.

"ಗುಟ್ಟಾಗಿ ತಪಾಸಣೆ ಮಾಡ್ತಿರೋ ಇಂಜಿನಿಯರ್ ಯಾರು?" ಅಂದರು ಮೇಡಂ.

ನಾವೆಲ್ಲ ಹೆಮ್ಮೆಯಿಂದ ದಾರಿ ಬಿಟ್ಟೆವು. ಹಿಂದೆ ಅವಿತಿದ್ದ ಟಪಾಲಿನವರು ಕಾಣಿಸಿದರು.

"ಅರೆ, ಟಪಾಲಿನವರೇ! ನೀವಿಲ್ಲಿ?"

ನರ್ಸಮ್ಮ ಮೊದಲು ಬಾಯಿಬಿಟ್ಟರು. "ಟಪಾಲಾ? ಅವತ್ತು ಇಂಜಿನಿಯರ್ ಅಂದ್ರಲ್ಲ!"

"ನೀವಂದಿದ್ದು. ನಾನು ಹ್ಞಾಂ ಅಂದೆ" ಅಂದರು ಟಪಾಲಿನವರು. "ಕೈಯಲ್ಲಿ ಬೀರು ಇತ್ತು."

"ಬೀರು ಇಳಿಸಿ ಆರು ವರ್ಷ ಆಯ್ತು!"

ಮೇಡಂ ಈ ಜಗಳಕ್ಕೆ ಕಿವಿಗೊಡದೆ ಗೋಡೆಯನ್ನು ಮೂಲೆಯಿಂದ ಬಡಿಯುತ್ತಾ ಬಂದರು. ನಡುವೆ ಸದ್ದು ಬದಲಾಯಿತು, ಡಬ್ಬದ ಮೇಲೆ ಬಡಿದ ಹಾಗೆ. ಇನ್ನೊಮ್ಮೆ ಬಡಿದರು. ಒಳಗಿಂದ, 'ಟಕ್'. ನನ್ನ ಹೆಂಡತಿ ನನ್ನ ತೋಳು ಹಿಡಿದಳು. ಮೇಡಂ ಹುಬ್ಬೇರಿಸಿ ಎರಡು ಸಲ ಬಡಿದರು. 'ಟಕ್ ಟಕ್'. ಮೂರು ಸಲ ಬಡಿದರು. 'ಟಕ್ ಟಕ್ ಟಕ್'.

"ಬಿರುಕು ಬಿಡೋ ಗೋಡೆ ಎಣಿಸಿಕೊಂಡು ಸದ್ದು ಮಾಡಲ್ಲ" ಅಂದರು ಮೇಡಂ. "ಇಲ್ಲಿ ಹಿಂದೆ ಬಾಗಿಲಿತ್ತು. ಎರಡೂ ಒಂದೇ ಕಟ್ಟಡ ಇದ್ದಿರಬೇಕು. ಪಾಲಾದಾಗ ತೆಳು ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ಆ ಕಡೆ ಯಾರೋ ಮನುಷ್ಯರಿದ್ದಾರೆ."

"ಮನುಷ್ಯರಾ?" ಅಂದರು ಟಪಾಲಿನವರು. ಆ ಒಂದು ಮಾತು ಅವರ ಬಾಯಿಂದ ಬಂದ ರೀತಿಗೆ ನಮ್ಮಲ್ಲಿ ನಗುತ್ತಿದ್ದವರೂ ನಗು ನಿಲ್ಲಿಸಿದರು.

ಹಿಂದಿನ ಕಟ್ಟಡದ ಬಾಗಿಲು ಇನ್ನೊಂದು ಬೀದಿಗಿದೆ. ನಾವ್ಯಾರೂ ಆ ಕಡೆ ಹೋದವರಲ್ಲ. ಮೇಡಂ ಮುಂದೆ, ನಾವೆಲ್ಲ ಹಿಂದೆ, ಬೀದಿ ಸುತ್ತಿಕೊಂಡು ಹೋದೆವು. ಟಪಾಲಿನವರು ಬರಲು ಒಲ್ಲೆ ಅಂದರು. ಷಡ್ಡಕರು, "ಬನ್ನಿ ಭಾವ, ನಿಮ್ಮ ಸಾಧನೆ ನೋಡೋಕೇ ನಾನು ಬಂದಿದ್ದು" ಅಂತ ಕೈ ಹಿಡಿದು ಎಳೆದುಕೊಂಡೇ ಬಂದರು.

ಬಾಗಿಲು ತೆರೆದವಳು ಐವತ್ತರ ಹೆಂಗಸು. ಒಳಗೆ ಗೋಡೆಗೆ ತಾಗಿಸಿದ ಮಂಚ. ಅದರ ಮೇಲೆ ಸೊಂಟದವರೆಗೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ದೊಡ್ಡ ಮೀಸೆಯ ಭಾರಿ ಆಸಾಮಿ, ಕೈಯಲ್ಲಿ ಊರುಗೋಲು. ಲಾರಿ ಡ್ರೈವರಂತೆ. ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಎರಡು ದಿನ ಕಳೆದವನಲ್ಲ. ಈಗ ಎರಡು ತಿಂಗಳಿಂದ ಹೀಗೆ ಬಿದ್ದಿದ್ದಾನೆ.

"ಮೆತ್ತಗೆ ಮಾತಾಡಿ" ಅಂದ ಡ್ರೈವರ್, ನಮ್ಮ ದಂಡನ್ನು ನೋಡಿ. "ಈ ಗೋಡೆ ಸಾಮಾನ್ಯದ್ದಲ್ಲ. ಇವತ್ತು ಮೂರು ಸಲ ಬಡಿದು ಎಚ್ಚರಿಸ್ತು. ಯಾರೋ ಬರ್ತಾರೆ ಅಂತ ಆಗಲೇ ಅಂದ್ಕೊಂಡೆ."

ಮೇಡಂ ಸುತ್ತಿಗೆಯನ್ನು ಬೆನ್ನ ಹಿಂದೆ ಮರೆಮಾಡಿದರು.

"ದಿನಾ ಬೆಳಗ್ಗೆ ಒಂದು ದನಿ ಬರುತ್ತೆ ಸಾರ್. 'ಇದ್ದೀಯಾ' ಅಂತ ಕೇಳುತ್ತೆ. ಮೊದಮೊದಲು ಹೆದರಿದೆ. ಹೊದಿಕೆ ಎಳ್ಕೊಂಡು ಮಲಗಿಬಿಟ್ಟೆ. ಒಂದು ವಾರ ಬಿಡದೆ ಕೇಳ್ತು. ಕಾಲು ಮುರಿದು ಬಿದ್ದಾಗಿಂದ ಯಾರೂ ನನ್ನ ಆ ಮಾತು ಕೇಳಿರಲಿಲ್ಲ. ಇದ್ದೀನಪ್ಪಾ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಕೋಲಿಂದ ಬಡಿದೆ." ಆತ ಬಾಗಿಲ ಬಳಿಯ ಹೆಂಗಸಿನ ಕಡೆ ಕೈ ಮಾಡಿದ. "ಇವಳು ನಮ್ಮಕ್ಕ. ನಾಲ್ಕು ವರ್ಷದಿಂದ ನಮಗೆ ಮಾತಿರಲಿಲ್ಲ. ಊಟದ ಕ್ಯಾರಿಯರ್ ಹೊಸ್ತಿಲಲ್ಲಿಟ್ಟು ಹೋಗೋಳು. ದೇವರೇ ಬಂದು ನನ್ನ ಮಾತಾಡಿಸ್ತಾನೆ, ನಾನು ಇವಳನ್ನ ಮಾತಾಡಿಸಬಾರದಾ ಅನ್ನಿಸ್ತು. ಒಂದಿನ ಕ್ಯಾರಿಯರ್ ಸದ್ದಾದಾಗ, 'ಅಕ್ಕಾ, ಇದ್ದೀಯಾ' ಅಂದೆ. ಒಳಗೆ ಬಂದ್ಲು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವನು ತನ್ನಷ್ಟಕ್ಕೆ ಎಂದೂ ಕರೀತಿರ್ಲಿಲ್ಲ. ಹಠಮಾರಿ."

ನಾವೆಲ್ಲ ಟಪಾಲಿನವರನ್ನು ನೋಡಿದೆವು. ಟೀಚರು ನೆಲ ನೋಡಿದರು. ಸುಮ್ಮನಿದ್ದುಬಿಡಿ ಅಂತ ಓನರು ಕಣ್ಸನ್ನೆ ಮಾಡಿದರು. ಟಪಾಲಿನವರು ಸುಮ್ಮನಿರಬಹುದಿತ್ತು. ಒಮ್ಮೆ ಹ್ಞಾಂ ಅಂದು ಆರು ವರ್ಷ ಸುಮ್ಮನಿದ್ದವರು ತಾನೇ? ಆದರೆ ಅವತ್ತು ಮುಂದೆ ಬಂದರು.

"ಅದು ನಾನು" ಅಂದರು. "ಆ ದನಿ ನಂದು. ಗೋಡೆಯ ಆ ಕಡೆ ನಿಂತು... ನನ್ನದೊಂದು ಅನುಷ್ಠಾನ... ನಿಮ್ಮನ್ನ ಕೇಳ್ತಿರ್ಲಿಲ್ಲ. ತಪ್ಪಾಯ್ತು."

ಡ್ರೈವರ್ ಮಿಕಮಿಕ ನೋಡಿದ. "ನೀವಾ? ಎಲ್ಲಿ, ಹೇಳಿ ನೋಡೋಣ."

ಟಪಾಲಿನವರು ಗಂಟಲು ಸರಿ ಮಾಡಿಕೊಂಡರು. "ಇದ್ದೀರಾ?"

"ಹೀಗಲ್ಲ. ಅದು ಏಕವಚನದಲ್ಲಿ ಕರೀತಿತ್ತು."

"ಮುಖ ನೋಡಿದ್ಮೇಲೆ ಏಕವಚನ ಬರಲ್ಲ ರೀ."

"ಗೋಡೆ ಕಡೆ ತಿರುಗಿ ಹೇಳಿ."

ಟಪಾಲಿನವರು ಮಂಚದ ಪಕ್ಕ ಹೋಗಿ, ಗೋಡೆಗೆ ಬಲಗಿವಿಯಿಟ್ಟು, ಕಣ್ಣು ಮುಚ್ಚಿದರು. ಹತ್ತು ಉಸಿರಾಗುವವರೆಗೆ ನಾವೂ ಉಸಿರು ಹಿಡಿದು ನಿಂತಿದ್ದೆವು.

"ಇದ್ದೀಯಾ?"

ಡ್ರೈವರ್ ಊರುಗೋಲು ಎತ್ತಿ ಮಂಚದ ಕಾಲಿಗೆ ಒಂದು ಸಲ ಬಡಿದ. 'ಟಕ್'.

"ಅದೇ ದನಿ" ಅಂದ. "ಹಾಗಾದ್ರೆ ಆ ಮೇಲಿನ ಕುರ್ಚಿ ಸಿಗುತ್ತಾ ಅಂತ ಕೇಳಿದ್ದೂ ನೀವೇನಾ?"

"ನಾನೇ. ಆಫೀಸಿನ ಕುರ್ಚಿ. ಸಿಗಲಿಲ್ಲ."

"ನಾನು ಲಾರಿ ಸೀಟು ಅಂದ್ಕೊಂಡೆ! ಈ ಕಾಲಲ್ಲಿ ಮತ್ತೆ ಅಲ್ಲಿ ಹತ್ತಿ ಕೂರ್ತೀನಾ ಅಂತ ದೇವರೇ ಕೇಳ್ತಿದ್ದಾನೆ ಅಂತ ಗಟ್ಟಿಯಾಗಿ ಬಡಿದೆ. 'ಸಿಗಲ್ವಾ' ಅಂದಾಗ ಸಿಟ್ಟು ಬಂದು ಇನ್ನೂ ಗಟ್ಟಿಯಾಗಿ ಬಡಿದೆ!"

ಮೊದಲು ನಕ್ಕವಳು ಅಕ್ಕ. ಆಮೇಲೆ ಆ ಪುಟ್ಟ ಕೋಣೆಯಲ್ಲಿ ಹತ್ತು ಜನ ನಕ್ಕ ನಗುವಿಗೆ ಗೋಡೆ ಬಿದ್ದಿದ್ದರೂ ಆಶ್ಚರ್ಯವಿರಲಿಲ್ಲ. ಹಲ್ಲಿನ ಡಾಕ್ಟರು ಮಾತ್ರ ಗಂಭೀರವಾಗಿ ಟಪಾಲಿನವರನ್ನು ಪಕ್ಕಕ್ಕೆ ಕರೆದು, "ಹನ್ನೆರಡು ವರ್ಷದಲ್ಲಿ ನನಗೆ ಒಂದು ಟಕ್ ಕೂಡ ಬಂದಿಲ್ಲ ಭಾವ" ಅಂದರು. ಆ ದನಿಯಲ್ಲಿ ಕರುಣೆ ಇರಲಿಲ್ಲ.

ಮೇಡಂ ಸರ್ಟಿಫಿಕೇಟ್ ಕೊಟ್ಟರು. ನರ್ಸಮ್ಮ ಎರಡು ವಾರ ಟಪಾಲಿನವರ ಜೊತೆ ಮಾತು ಬಿಟ್ಟು, ಮೂರನೇ ವಾರ ಡ್ರೈವರನ ಪ್ಲಾಸ್ಟರ್ ಕಟ್ಟಿದವರು ಯಾರೋ ಅರ್ಧಂಬರ್ಧ ಕಲಿತವರು ಅಂತ ಬಯ್ಯಲು ಅವರನ್ನೇ ಹುಡುಕಿಕೊಂಡು ಬಂದರು. ಟಪಾಲಿನವರು ದಿನಾ ಬೆಳಗ್ಗೆ ಬೀದಿ ಸುತ್ತಿಕೊಂಡು ಹೋಗಿ ಡ್ರೈವರನ ಮಂಚದ ಪಕ್ಕ ಕೂರತೊಡಗಿದರು. ಡ್ರೈವರ್ ತಾನು ನೋಡಿದ ರಸ್ತೆಗಳ ವಿಷಯ ಹೇಳುತ್ತಿದ್ದ. ಇವರು ತಮ್ಮ ಮೇಜಿಗೆ ಬಂದ ವಿಚಿತ್ರ ಅರ್ಜಿಗಳ ವಿಷಯ. ಎದುರಾಬದುರು ಕೂತರೂ ಇಬ್ಬರಿಗೂ ಬಹುವಚನವೇ.

ಪ್ಲಾಸ್ಟರ್ ಬಿಚ್ಚಿದರು. ಡ್ರೈವರ್ ಕುಂಟುತ್ತಾ ನಡೆದ, ಆಮೇಲೆ ನೆಟ್ಟಗೆ ನಡೆದ. ಒಂದು ಸೋಮವಾರ ಲಾರಿ ಹತ್ತಿ ಹೊರಟೂ ಹೋದ. ಇನ್ನು ಬರುವುದು ಹದಿನೈದು ದಿನಕ್ಕೋ ತಿಂಗಳಿಗೋ.

ಮಂಗಳವಾರ ಆರೂವರೆಗೆ ನಾನು ಹಾಲು ತರಲು ಕೆಳಗೆ ಇಳಿಯುತ್ತಿದ್ದೆ. ತಿರುವಿನಲ್ಲಿ ಟಪಾಲಿನವರು ಗೋಡೆಗೆ ಕಿವಿಯಿಟ್ಟು ನಿಂತಿದ್ದರು. ಆ ಕಡೆ ಕೋಣೆ ಖಾಲಿ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಏನೂ ಕೇಳುತ್ತಿರಲಿಲ್ಲ ಅವರು, ಬಾಯಿ ಮುಚ್ಚಿತ್ತು. ಸುಮ್ಮನೆ ನಿಂತಿದ್ದರು. ನಾನು ಮೇಲೇ ನಿಂತುಬಿಟ್ಟೆ.

ಟೀಚರು ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು. "ಆರಿ ಹೋಗ್ತಿದೆ. ಏನ್ರೀ ಕೇಳುತ್ತೆ ಅಲ್ಲಿ?"

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಏನೂ ಇಲ್ಲ ಅಂದ್ರೆ... ತುಂಬಾ ಇದೆ. ಹೇಗೆ ಹೇಳೋದು ಗೊತ್ತಾಗ್ತಿಲ್ಲ."

ಟೀಚರು ಲೋಟವನ್ನು ಮೆಟ್ಟಿಲ ಮೇಲಿಟ್ಟು, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡರು.

"ಸ್ವಲ್ಪ ಆ ಕಡೆ ಸರೀರಿ" ಅಂದರು.

ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸದ್ದಿಲ್ಲದೆ ವಾಪಸ್ಸು ಮೇಲೆ ಹೋದೆ. ಅವತ್ತು ನಮ್ಮ ಮನೆಯಲ್ಲಿ ಹಾಲಿಲ್ಲದ ಕಾಫಿ.